ಸ್ಪರ್ಧಾದರ್ಜೆಯ ಭಾರವಾದ ಗುಂಡಿಗೆ ಬೇಡಿಕೆ: ಒಂದು ಪರಿಶೀಲನೆ

ಜಂಟಿ ಬೇಡಿಕೆಯ ವಿಷಯವನ್ನು ತರಗತಿಯಲ್ಲಿ ವಿವರಿಸುವಾಗ ಚಹಾ ಮತ್ತು ಸಕ್ಕರೆ, ಲೇಖನಿ ಮತ್ತು ಮಸಿ ಮುಂತಾದ ಜೋಡಿಗಳನ್ನು ಉದಾಹರಿಸುವುದು ವಾಡಿಕೆ. ಆಲ್ಫ್ರೆಡ್ ಮಾರ್ಷಲ್ ತಮ್ಮ 1890ರ ಮಹಾಗ್ರಂಥದಲ್ಲಿ ಮನೆ ಕಟ್ಟುವ ಕೆಲಸವನ್ನೂ ಗಾರೆಯವರ ದುಡಿಮೆಯನ್ನೂ ತೆಗೆದುಕೊಂಡು ಇದೇ ತತ್ತ್ವವನ್ನು ಬಿಡಿಸಿ ತೋರಿಸಿದರು. ಆದರೆ ಜೋಡಿಯಲ್ಲಿ ಒಂದು ವಸ್ತು ಕ್ಷಣಮಾತ್ರದಲ್ಲಿ ವ್ಯಯವಾಗಿ ಹೋಗುವಂಥದು, ಮತ್ತೊಂದು ಹತ್ತಾರು ವರ್ಷ ಬಾಳುವಂಥದು ಆದಾಗ ಬೇಡಿಕೆ ಯಾವ ರೀತಿಯಲ್ಲಿ ವರ್ತಿಸುತ್ತದೆ ಎಂಬುದನ್ನು ಈ ಉದಾಹರಣೆಗಳು ಹೇಳಲಾರವು. ಅದನ್ನು ಸ್ಪಷ್ಟವಾಗಿ ಕಾಣಲು ನಾವು ಸ್ವಲ್ಪ ಅಪರಿಚಿತವಾದ ಒಂದು ಪೇಟೆಯನ್ನು ಆರಿಸಿಕೊಂಡಿದ್ದೇವೆ. ಅದು ರೈಫಲ್ ಗುರಿಸ್ಪರ್ಧೆಗಳಲ್ಲಿ ಬಳಕೆಯಾಗುವ ತೋಟಾಗಳ ಪೇಟೆ. ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಕಳೆದ ನಾಲ್ಕೈದು ದಶಕಗಳಲ್ಲಿ ಅಲ್ಲಿಯ ಗುರಿಕಾರರು ಅದೇ ವ್ಯಾಸದ ನಳಿಗೆಗೆ ಹೆಚ್ಚು ಹೆಚ್ಚು ಭಾರದ ಗುಂಡುಗಳನ್ನು ಕೇಳತೊಡಗಿದ್ದಾರೆ. ಈ ಬಯಕೆ ಪೇಟೆಯ ಬೇಡಿಕೆಯಾಗಿ ಪರಿಣಮಿಸಿದ್ದು ಗುಂಡಿನ ಬೆಲೆಯಿಂದಲೂ ಅಲ್ಲ, ಗುಣದಿಂದಲೂ ಅಲ್ಲ, ಜನರ ಕೈಯಲ್ಲಿ ಆಗಲೇ ಇದ್ದ ನಳಿಗೆಗಳಿಂದ ಮತ್ತು ಸ್ಪರ್ಧೆಯ ನಿಯಮಾವಳಿಗಳಿಂದ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದೆರಡು ಪರಿಭಾಷೆಗಳು. ತೋಟಾ ಎಂದರೆ ಹಿತ್ತಾಳೆಯ ಕೋಶ, ಮದ್ದು, ಕಿಡಿಗೊಡುವ ಟೋಪಿ ಮತ್ತು ಗುಂಡು ಇವು ನಾಲ್ಕೂ ಕೂಡಿದ್ದು. ನಳಿಗೆಯಿಂದ ಹೊರಟುಹೋಗುವ ಭಾಗ ಮಾತ್ರ ಗುಂಡು. ಗುಂಡಿನ ತೂಕವನ್ನು ಇಂಗ್ಲಿಷ್ ಬಳಸುವ ನಾಡುಗಳಲ್ಲಿ ಗ್ರೇನುಗಳಲ್ಲಿ ಹೇಳುತ್ತಾರೆ. ಒಂದು ಗ್ರೇನು 0.0648 ಗ್ರಾಮಿಗೆ ಸಮ. ಎನ್.ಸಿ.ಸಿ.ಯಲ್ಲಿ .22 ರೈಫಲ್ ಹಿಡಿದ ವಿದ್ಯಾರ್ಥಿಗಳು ಹಾರಿಸಿದ ಗುಂಡು ಸಾಮಾನ್ಯವಾಗಿ 40 ಗ್ರೇನಿನದು, ಅಂದರೆ ಸುಮಾರು 2.6 ಗ್ರಾಮು. ಸ್ಪರ್ಧಾದರ್ಜೆಯ ತೋಟಾ ಎಂಬುದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಗುಂಡಿನ ತೂಕ, ತಾಮ್ರದ ಹೊದಿಕೆಯ ದಪ್ಪ, ಮದ್ದಿನ ಪ್ರಮಾಣ ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅತ್ಯಲ್ಪ ವ್ಯತ್ಯಾಸವಿರುವಂತೆ ತಯಾರಿಸಿ, ಹೆಚ್ಚು ಬೆಲೆಗೆ ಮಾರುವ ಸರಕು ಎಂದು ತಿಳಿದರೆ ಸಾಕು.

ಇನ್ನು, ಗುರಿಕಾರನು ಭಾರವನ್ನು ಏಕೆ ಬಯಸುತ್ತಾನೆ? ಭಾರವಾದ ಗುಂಡು ನಿಧಾನವಾಗಿ ಹೊರಡುತ್ತದೆ, ಭುಜಕ್ಕೆ ಹೆಚ್ಚು ಒದೆಯುತ್ತದೆ, ಸೀಸವನ್ನೂ ಹೆಚ್ಚು ತಿನ್ನುತ್ತದೆ. ಮೇಲುನೋಟಕ್ಕೆ ಇವೆಲ್ಲ ದೋಷಗಳೇ. ಆದರೆ ದೂರದ ಗುರಿಯಲ್ಲಿ ಗುರಿಕಾರನ ಪರಮಶತ್ರು ಗಾಳಿ. ಗುಂಡು ಬೀಳುವ ಪ್ರಮಾಣವನ್ನು ಲೆಕ್ಕ ಹಾಕಿ ದರ್ಶಕವನ್ನು ಏರಿಸಬಹುದು, ಏಕೆಂದರೆ ಗುರುತ್ವವು ಗಳಿಗೆಗೊಮ್ಮೆ ಬದಲಾಗುವುದಿಲ್ಲ. ಗಾಳಿಯಾದರೋ ಬದಲಾಗುತ್ತಲೇ ಇರುತ್ತದೆ. ಅಡ್ಡಗಾಳಿಗೆ ಗುಂಡು ಎಷ್ಟು ವಾಲುತ್ತದೆ ಎಂಬುದಕ್ಕೆ ಒಂದು ಹಳೆಯ, ಸರಳವಾದ ನಿಯಮವುಂಟು. ಗುಂಡು ಗುರಿ ಮುಟ್ಟಲು ನಿಜವಾಗಿ ತೆಗೆದುಕೊಂಡ ಕಾಲದಿಂದ, ವಾಯುವೇ ಇಲ್ಲದಿದ್ದರೆ ತೆಗೆದುಕೊಳ್ಳುತ್ತಿದ್ದ ಕಾಲವನ್ನು ಕಳೆಯಬೇಕು. ಉಳಿದ ಕಾಲವಿಳಂಬವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಬೇಕು. ಗುಂಡು ಗಾಳಿಯಲ್ಲಿ ಇದ್ದ ಒಟ್ಟು ಕಾಲವಲ್ಲ, ವಾಯುವಿನ ತಡೆಯಿಂದ ಕಳೆದುಕೊಂಡ ಕಾಲವೇ ವಾಲಿಕೆಗೆ ಕಾರಣ ಎಂಬುದು ಇಲ್ಲಿಯ ಸ್ವಾರಸ್ಯ. ಹಗುರವಾದ ಗುಂಡು ಬೇಗ ಹೊರಟರೂ ಬೇಗ ಸೋಲುತ್ತದೆ. ಒಂದೇ ವ್ಯಾಸದಲ್ಲಿ ಹೆಚ್ಚು ತೂಕವಿರುವ, ಆಕಾರವೂ ನಯವಾಗಿರುವ ಗುಂಡು ನಿಧಾನವಾಗಿ ಹೊರಟರೂ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಸಾವಿರ ಗಜದ ದೂರದಲ್ಲಿ ಒಂದು ಗುಂಡಿನ ಕಾಲವಿಳಂಬ 0.6 ಸೆಕೆಂಡು, ಇನ್ನೊಂದರದು 0.4 ಸೆಕೆಂಡು ಎಂದಿಟ್ಟುಕೊಳ್ಳೋಣ. ಇವು ಕಲ್ಪಿತ ಅಂಕಿಗಳಾದರೂ .308 ಅಂಗುಲ ವ್ಯಾಸದ 175 ಗ್ರೇನಿನ ಮತ್ತು 200 ಗ್ರೇನಿನ ಆಧುನಿಕ ಗುಂಡುಗಳಿಗೆ ದೂರವಾದವಲ್ಲ. ಗುರಿಕಾರನು ಗಾಳಿಯ ವೇಗವನ್ನು ಅಂದಾಜು ಮಾಡುವಲ್ಲಿ ಸೆಕೆಂಡಿಗೆ 0.3 ಮೀಟರಿನಷ್ಟು ತಪ್ಪಿದರೆ ಮೊದಲನೆಯ ಗುಂಡು 18 ಸೆಂಟಿಮೀಟರು, ಎರಡನೆಯದು 12 ಸೆಂಟಿಮೀಟರು ಪಕ್ಕಕ್ಕೆ ಹೋಗುತ್ತದೆ. ಎಫ್-ಕ್ಲಾಸ್ ಎಂಬ ಸ್ಪರ್ಧೆಯಲ್ಲಿ ಸಾವಿರ ಗಜದ ಗುರಿಹಲಗೆಯ ಹತ್ತಂಕದ ವೃತ್ತದ ವ್ಯಾಸ 10 ಅಂಗುಲ, ಅಂದರೆ ನಡುವಿನಿಂದ ಅಂಚಿಗೆ ಸುಮಾರು 12.7 ಸೆಂಟಿಮೀಟರು. ಒಬ್ಬನಿಗೆ ಒಂಬತ್ತು, ಇನ್ನೊಬ್ಬನಿಗೆ ಹತ್ತು! ಕೌಶಲವೂ ಒಂದೇ, ತಪ್ಪೂ ಒಂದೇ. ಗುರಿಕಾರನ ಬಯಕೆಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ.

ಇಷ್ಟು ಸ್ಪಷ್ಟವಾದ ಲಾಭವಿದ್ದ ಮೇಲೆ ಎಲ್ಲರೂ ಒಮ್ಮೆಗೇ ಭಾರವಾದ ಗುಂಡನ್ನು ಕೊಳ್ಳಬೇಕಾಗಿತ್ತಲ್ಲವೆ? ಕೊಳ್ಳಲಿಲ್ಲ, ಕೊಳ್ಳುವಂತಿರಲಿಲ್ಲ. ಇದರ ಕಾರಣ ಭೌತಶಾಸ್ತ್ರಕ್ಕೆ ಸೇರಿದ್ದು. ವ್ಯಾಸ ಸ್ಥಿರ, ಸೀಸದ ಸಾಂದ್ರತೆಯೂ ಸ್ಥಿರ. ಆದ್ದರಿಂದ ತೂಕವನ್ನು ಹೆಚ್ಚಿಸಬೇಕಾದರೆ ಗುಂಡನ್ನು ಉದ್ದ ಮಾಡುವುದೊಂದೇ ದಾರಿ. ಉದ್ದವಾದ ಗುಂಡು ಮಗುಚಿಕೊಳ್ಳದೆ ಮೂತಿ ಮುಂದಾಗಿ ಹಾರಬೇಕಾದರೆ ಹೆಚ್ಚು ಬಿರುಸಾಗಿ ತಿರುಗಬೇಕು. ಆ ತಿರುಗುವಿಕೆಯನ್ನು ಕೊಡುವುದು ನಳಿಗೆಯ ಒಳಗೆ ಕೊರೆದ ಸುರುಳಿಗೆರೆ. ಎಷ್ಟು ಅಂಗುಲಕ್ಕೆ ಒಂದು ಸುತ್ತು ಎಂಬುದು ನಳಿಗೆ ತಯಾರಾದ ದಿನವೇ ನಿಶ್ಚಯವಾಗುತ್ತದೆ. ಅನಂತರ ಬದಲಾಯಿಸಲು ನಳಿಗೆಯನ್ನೇ ಬದಲಾಯಿಸಬೇಕು. ವೂಲಿಚ್‌ನಲ್ಲಿ ಸೈನ್ಯದ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಇದಕ್ಕೆ 1879ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ವ್ಯಾಸದ ವರ್ಗವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಒಂದು ಸುತ್ತಿಗೆ ಬೇಕಾದ ನಳಿಗೆಯ ಉದ್ದ ದೊರೆಯುತ್ತದೆ. ಸ್ಥಿರಾಂಕ 150, ಆಧುನಿಕ ಅತಿವೇಗದ ಗುಂಡುಗಳಿಗೆ 180 ಎಂದು ಹಿಡಿಯುವುದುಂಟು.

ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಬಹುದು. .224 ಅಂಗುಲ ವ್ಯಾಸದ ಗುಂಡಿಗೆ 12 ಅಂಗುಲಕ್ಕೊಂದು ಸುತ್ತಿನ ನಳಿಗೆಯಿದ್ದರೆ, ಆಧುನಿಕ ಸ್ಥಿರಾಂಕದ ಪ್ರಕಾರ ಗುಂಡಿನ ಉದ್ದ ಸುಮಾರು 19 ಮಿಲಿಮೀಟರನ್ನು ಮೀರಬಾರದು. 9 ಅಂಗುಲಕ್ಕೊಂದು ಸುತ್ತಾದರೆ 25, 8 ಅಂಗುಲಕ್ಕೊಂದಾದರೆ 28, 7 ಅಂಗುಲಕ್ಕೊಂದಾದರೆ ಸುಮಾರು 32 ಮಿಲಿಮೀಟರಿನವರೆಗೆ ಅವಕಾಶ. ಈ ನಾಲ್ಕು ಅಂಕಿಗಳಲ್ಲಿ ಒಂದು ಪೇಟೆಯ ಅರ್ಧ ಶತಮಾನದ ಚರಿತ್ರೆ ಅಡಗಿದೆ. ಎಂ16 ರೈಫಲಿನ ಮೊದಲ ತಲೆಮಾರಿನ ಸೈನಿಕ ನಳಿಗೆ 12 ಅಂಗುಲಕ್ಕೊಂದು ಸುತ್ತಿನದು. ಅದರ ಗುಂಡು 55 ಗ್ರೇನಿನದು, ಉದ್ದ ಸುಮಾರು 19 ಮಿಲಿಮೀಟರು. ಸೂತ್ರದ ಅಂಚಿಗೆ ಸರಿಯಾಗಿ ಕುಳಿತಿದೆ. 77 ಗ್ರೇನಿನ ಸ್ಪರ್ಧಾಗುಂಡಿನ ಉದ್ದ ಸುಮಾರು 25 ಮಿಲಿಮೀಟರು. ಅದನ್ನು ಹಳೆಯ ನಳಿಗೆಯಲ್ಲಿ ಹಾರಿಸಿದರೆ ಗುಂಡು ಅಡ್ಡಲಾಗಿ ಮಗುಚಿ, ಹಲಗೆಯ ಮೇಲೆ ದುಂಡು ತೂತಿನ ಬದಲು ಬೀಗದ ಕೈಯ ಕಿಂಡಿಯಂತಹ ತೂತನ್ನು ಕೊರೆಯುತ್ತದೆ. ಅದೂ ಹಲಗೆಯನ್ನು ಮುಟ್ಟಿದರೆ!

ಆದ್ದರಿಂದ 1960ರ ದಶಕದಲ್ಲಿ ಯಾವನಾದರೂ ತಯಾರಕನು 77 ಗ್ರೇನಿನ ಅತ್ಯುತ್ತಮ ಗುಂಡನ್ನು ಧರ್ಮಾರ್ಥವಾಗಿ ಹಂಚಿದ್ದರೂ ಈ ನಳಿಗೆಗಳ ಒಡೆಯರಿಂದ ಅದಕ್ಕೆ ಬೇಡಿಕೆ ಬರುತ್ತಿರಲಿಲ್ಲ. ಬೆಲೆ ಸೊನ್ನೆಯಾದರೂ ಬೇಡಿಕೆ ಸೊನ್ನೆ. ಬೇಡಿಕೆಯ ರೇಖೆಯನ್ನು ಎಳೆದು ತೋರಿಸುವ ಅಧ್ಯಾಪಕರು ಇದನ್ನು ಗಮನಿಸಬೇಕೆಂದು ನಮ್ಮ ವಿನಂತಿ. ನಳಿಗೆ ಬದಲಾದದ್ದು ಗುರಿಕಾರರಿಗಾಗಿ ಅಲ್ಲ. 1980ರಲ್ಲಿ ನ್ಯಾಟೋ ಒಕ್ಕೂಟವು 62 ಗ್ರೇನಿನ ಬೆಲ್ಜಿಯಂ ಮಾದರಿಯ ಗುಂಡನ್ನು ಅಂಗೀಕರಿಸಿತು. ಅದರ ಜೊತೆಗಾರನಾದ, ದಾರಿ ತೋರುವ ಬೆಂಕಿಗುಂಡು ಇನ್ನೂ ಉದ್ದವಾಗಿತ್ತು. ಆ ಉದ್ದಕ್ಕಾಗಿ ಎಂ16ಎ2 ರೈಫಲಿಗೆ 7 ಅಂಗುಲಕ್ಕೊಂದು ಸುತ್ತನ್ನು ಕೊಡಲಾಯಿತು. ಬೆಂಕಿಗುಂಡಿನ ಸಲುವಾಗಿ ಕೊರೆದ ಸುರುಳಿಗೆರೆ ಸ್ಪರ್ಧಾಗುಂಡಿಗೆ ಬಾಗಿಲು ತೆರೆಯಿತು. 1990ರ ದಶಕದಲ್ಲಿ ಅಮೆರಿಕದ ಸೇವಾ ರೈಫಲ್ ಸ್ಪರ್ಧೆಗಳಲ್ಲಿ ಹಿಂದಿನ ಎಂ14ರ ಸ್ಥಾನವನ್ನು ಎಂ16ರ ವಂಶದ ರೈಫಲುಗಳು ಆಕ್ರಮಿಸಿಕೊಂಡವು. ಅವುಗಳೊಡನೆ 69, 77 ಮತ್ತು 80 ಗ್ರೇನಿನ ಗುಂಡುಗಳು ಅಂಗಡಿಗೆ ಬಂದವು.

ಇಲ್ಲಿ ಮತ್ತೊಂದು ಜೊತೆವಸ್ತು ತಲೆಹಾಕುತ್ತದೆ. ಅದು ತೋಟಾಪೆಟ್ಟಿಗೆ. ಎಂ16ರ ತೋಟಾಪೆಟ್ಟಿಗೆಯಲ್ಲಿ ಹಿಡಿಯುವ ತೋಟಾದ ಒಟ್ಟು ಉದ್ದ ಸುಮಾರು 57.4 ಮಿಲಿಮೀಟರು. 77 ಗ್ರೇನಿನ ಗುಂಡನ್ನು ಈ ಅಳತೆಯೊಳಗೆ ಕೂಡಿಸಬಹುದು. 80 ಗ್ರೇನಿನ ಗುಂಡನ್ನು ಅದರ ಗುಣ ಕೆಡದಂತೆ ಕೂಡಿಸಲಾಗದು. ಆದರೆ ಸೇವಾ ರೈಫಲ್ ಸ್ಪರ್ಧೆಯಲ್ಲಿ 200 ಮತ್ತು 300 ಗಜಗಳ ಶೀಘ್ರಹೊಡೆತಕ್ಕೆ ಮಾತ್ರ ತೋಟಾಪೆಟ್ಟಿಗೆ ಅಗತ್ಯ. 600 ಗಜದ ನಿಧಾನಹೊಡೆತದಲ್ಲಿ ತೋಟಾಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬುತ್ತಾರೆ. ಪರಿಣಾಮವೇನೆಂದರೆ, ಒಬ್ಬನೇ ಗುರಿಕಾರನು ಒಂದೇ ದಿನದ ಒಂದೇ ಪಂದ್ಯಕ್ಕೆ, ಒಂದೇ ರೈಫಲಿಗೆ, ಎರಡು ತೂಕದ ಗುಂಡುಗಳನ್ನು ಕೊಳ್ಳುತ್ತಾನೆ. ಹತ್ತಿರದ ಗುರಿಗೆ 69 ಅಥವಾ 77, ದೂರದ್ದಕ್ಕೆ 80. ಗ್ರಾಹಕನ ಅಭಿರುಚಿ ಎಂದು ನಾವು ಸುಲಭವಾಗಿ ಹೆಸರಿಡುವ ವಸ್ತುವಿನಲ್ಲಿ ತಗಡಿನ ಪೆಟ್ಟಿಗೆಯ ಪಾಲೆಷ್ಟು, ನಿಯಮಪುಸ್ತಕದ ಪಾಲೆಷ್ಟು ಎಂಬುದನ್ನು ಇದು ತೋರಿಸುತ್ತದೆ. 2000ದ ದಶಕದ ಆರಂಭದಲ್ಲಿ ಅಮೆರಿಕದ ನೌಕಾದಳಕ್ಕಾಗಿ 77 ಗ್ರೇನಿನ ಗುಂಡಿನ ಎಂಕೆ 262 ಎಂಬ ತೋಟಾ ತಯಾರಾದಾಗ ಈ ತೂಕದ ಹೆಸರು ಸ್ಪರ್ಧಾಂಗಣದ ಹೊರಗೂ ಹಬ್ಬಿತು.

ನಳಿಗೆಯ ತಪ್ಪಿನಿಂದ ತೋಟಾವೇ ಸೋತ ಪ್ರಸಂಗವೂ ಉಂಟು. ಅದು ಬೇಟೆಯ ತೋಟಾಗಳದ್ದು, ಸ್ಪರ್ಧೆಯದಲ್ಲ. ಆದರೂ ನಮ್ಮ ವಾದಕ್ಕೆ ಇಷ್ಟು ಶುದ್ಧವಾದ ಪ್ರಯೋಗವನ್ನು ಯಾವ ಪ್ರಯೋಗಶಾಲೆಯೂ ಒದಗಿಸಲಾರದು. 1955ರಲ್ಲಿ ವಿಂಚೆಸ್ಟರ್ ಮತ್ತು ರೆಮಿಂಗ್ಟನ್ ಕಂಪನಿಗಳೆರಡೂ 6 ಮಿಲಿಮೀಟರ್ ವ್ಯಾಸದ ಒಂದೊಂದು ಹೊಸ ತೋಟಾವನ್ನು ಪೇಟೆಗೆ ತಂದವು. ಶಕ್ತಿಯಲ್ಲಿ ಎರಡೂ ಸರಿಸುಮಾರು ಸಮಾನ. ವಿಂಚೆಸ್ಟರಿನ .243 ತೋಟಾಕ್ಕೆ 10 ಅಂಗುಲಕ್ಕೊಂದು ಸುತ್ತಿನ ನಳಿಗೆ. ಅದು 100 ಗ್ರೇನಿನ ಗುಂಡನ್ನು ನೇರವಾಗಿ ಹಾರಿಸಬಲ್ಲುದು. ರೆಮಿಂಗ್ಟನ್ನಿನ .244 ತೋಟಾಕ್ಕೆ 12 ಅಂಗುಲಕ್ಕೊಂದು ಸುತ್ತು. ಅದು ಹಗುರವಾದ ಗುಂಡುಗಳಿಗಷ್ಟೇ ತಕ್ಕುದು. ಜಿಂಕೆಯ ಬೇಟೆಗೆ 100 ಗ್ರೇನು ಬೇಕೆಂದು ಬಯಸಿದವರು .243ನ್ನು ಆರಿಸಿದರು. ರೆಮಿಂಗ್ಟನ್ ಕಂಪನಿ ಸುರುಳಿಗೆರೆಯನ್ನು ತಿದ್ದಿತು, 1963ರಲ್ಲಿ ತೋಟಾದ ಹೆಸರನ್ನೇ 6 ಎಂ.ಎಂ. ರೆಮಿಂಗ್ಟನ್ ಎಂದು ಬದಲಾಯಿಸಿತು. ಆದರೆ ಕಳೆದುಹೋದ ಪೇಟೆ ಮರಳಿ ಬರಲಿಲ್ಲ. ಅಷ್ಟರಲ್ಲಿ .243 ನಳಿಗೆಗಳು ಮನೆಮನೆಯ ಬೀರುಗಳಲ್ಲಿ ನೆಲೆಸಿಬಿಟ್ಟಿದ್ದವು.

ಇದೇ ಪಾಠವನ್ನು ಮುಂದಿನ ಒಂದು ತೋಟಾ ಹಸನಾಗಿ ಕಲಿತಂತೆ ಕಾಣುತ್ತದೆ. 1997ರಲ್ಲಿ ಬಂದ .260 ರೆಮಿಂಗ್ಟನ್ ಮತ್ತು 2007ರಲ್ಲಿ ಹಾರ್ನಡಿ ಕಂಪನಿ ರೂಪಿಸಿದ 6.5 ಕ್ರೀಡ್‌ಮೋರ್ ಇವೆರಡರ ಗುಂಡಿನ ವ್ಯಾಸ ಒಂದೇ. ಸಾಮರ್ಥ್ಯದಲ್ಲಿಯೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಕ್ರೀಡ್‌ಮೋರಿನ ಕೋಶವನ್ನು ಮಾತ್ರ ಗಿಡ್ಡವಾಗಿ ಮಾಡಿದರು. ಇದರಿಂದ 140 ಗ್ರೇನಿನ ಉದ್ದನೆಯ ಗುಂಡು ಸಾಮಾನ್ಯ ತೋಟಾಪೆಟ್ಟಿಗೆಯಲ್ಲಿ ಇಕ್ಕಟ್ಟಿಲ್ಲದೆ ಕುಳಿತಿತು. 8 ಅಂಗುಲಕ್ಕೊಂದು ಸುತ್ತು ಮೊದಲ ದಿನದಿಂದಲೂ ನಿಶ್ಚಿತವಾಗಿತ್ತು. ಸ್ಪರ್ಧಾದರ್ಜೆಯ ಸಿದ್ಧ ತೋಟಾಗಳೂ ಜೊತೆಗೇ ಅಂಗಡಿಗೆ ಬಂದವು. ಕೊಳ್ಳುವವನು ಗುಂಡು, ನಳಿಗೆ, ಪೆಟ್ಟಿಗೆ ಇವುಗಳನ್ನು ತಾನೇ ಹೊಂದಿಸಿಕೊಳ್ಳುವ ಕಷ್ಟ ತಪ್ಪಿತು. ಕ್ರೀಡ್‌ಮೋರಿನ ಜಯಕ್ಕೆ ಗುಂಡಿನ ಆಕಾರವೇ ಕಾರಣವೆಂದು ಹೊಗಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಆ ಹೊಗಳಿಕೆ ಪೂರ್ತಿ ಸಲ್ಲದು. ಅದೇ ಗುಂಡುಗಳು ಹಿಂದಿನ ತೋಟಾಕ್ಕೂ ದೊರೆಯುತ್ತಿದ್ದವು. ಸ್ವೀಡನ್ನಿನ 6.5 ಮಿಲಿಮೀಟರಿನ ಸೈನಿಕ ರೈಫಲಂತೂ 1890ರ ದಶಕದಲ್ಲಿಯೇ ಸುಮಾರು 200 ಮಿಲಿಮೀಟರಿಗೊಂದು, ಅಂದರೆ ಹೆಚ್ಚುಕಡಿಮೆ 8 ಅಂಗುಲಕ್ಕೊಂದು ಸುತ್ತನ್ನು ಹೊಂದಿತ್ತು. ಆ ಕಾಲದ ಗುಂಡು 156 ಗ್ರೇನಿನದು.

ಭಾರದ ಕಡೆಗಿನ ಈ ನಡಿಗೆ ಏಕಮುಖವಾದದ್ದೆಂದು ಭಾವಿಸುವುದು ಚರಿತ್ರೆಗೆ ವಿರುದ್ಧ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೈನ್ಯಗಳು ಭಾರವನ್ನು ತೊರೆದು ಹಗುರವಾದ ಚೂಪುಗುಂಡಿಗೆ ತಿರುಗಿದ್ದವು. ಅಮೆರಿಕ 1906ರಲ್ಲಿ 220 ಗ್ರೇನಿನಿಂದ 150 ಗ್ರೇನಿಗೆ ಇಳಿಯಿತು. ಬ್ರಿಟಿಷರ .303 ರೈಫಲ್ 1910ರ ಸುಮಾರಿಗೆ 215ರಿಂದ 174ಕ್ಕೆ ಇಳಿಯಿತು. ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ.303 ರೈಫಲುಗಳ ಮೂಲಕ ಈ ಕೊನೆಯ ಗುಂಡು ನಮ್ಮ ದೇಶದ ಸಿಪಾಯಿಗಳಿಗೂ ಪೊಲೀಸರಿಗೂ ಬಹುಕಾಲ ಪರಿಚಿತವಾಗಿತ್ತು. ಮೊದಲ ಮಹಾಯುದ್ಧದಲ್ಲಿ ದೂರದ ಹೊಡೆತದ ಅಗತ್ಯವನ್ನು ಕಂಡ ಅಮೆರಿಕ 1926ರಲ್ಲಿ ಮತ್ತೆ ಸುಮಾರು 174 ಗ್ರೇನಿಗೆ ಏರಿತು. ಆ ಗುಂಡು ಬಹು ಚೆನ್ನಾಗಿತ್ತು. ಅದೇ ಅದರ ದೋಷವಾಯಿತು. ಅದು ಹೋಗಿ ಬೀಳುವ ದೂರ ಎಷ್ಟು ಹೆಚ್ಚಿತೆಂದರೆ ಅನೇಕ ಅಭ್ಯಾಸಾಂಗಣಗಳ ಹಿಂದಣ ಬಯಲು ಸಾಲದಾಯಿತು. 1930ರ ದಶಕದ ಕೊನೆಗೆ ಸೈನ್ಯವು 152 ಗ್ರೇನಿನ ಗುಂಡಿಗೆ ಹಿಂದಿರುಗಿತು. ಭೂಮಿಯೂ ಈ ಜಂಟಿ ಬೇಡಿಕೆಯ ಒಂದು ಅಂಗವೆಂಬುದನ್ನು ಯಾವ ಪಠ್ಯವೂ ಹೇಳಿದಂತಿಲ್ಲ.

ಇನ್ನು ನಿಯಮಗಳ ಪ್ರಭಾವ. ಇದನ್ನು ಬೇರ್ಪಡಿಸಿ ನೋಡಲು .308 ವ್ಯಾಸದ ಎರಡು ದೂರಸ್ಪರ್ಧೆಗಳು ಅಪೂರ್ವ ಅವಕಾಶವನ್ನು ಕೊಡುತ್ತವೆ. ಪಾಮಾ ಪಂದ್ಯಗಳ ಸಂಪ್ರದಾಯಕ್ಕೆ ಸೇರಿದ ಟಾರ್ಗೆಟ್ ರೈಫಲ್ ಸ್ಪರ್ಧೆಯಲ್ಲಿ ಗುರಿಕಾರನು ನೆಲದ ಮೇಲೆ ಮಲಗಿ, ತೋಳಿಗೆ ಪಟ್ಟಿ ಬಿಗಿದು, ದುರ್ಬೀನಿಲ್ಲದೆ ಗುರಿಯಿಡುತ್ತಾನೆ. ಗುಂಡಿನ ತೂಕ 156 ಗ್ರೇನಿಗಿಂತ ಕಡಿಮೆಯಿರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಎಫ್-ಕ್ಲಾಸಿನ ಎಫ್-ಟಿಆರ್ ಎಂಬ ಉಪವಿಭಾಗದಲ್ಲಿ ಕ್ಯಾಲಿಬರ್ ಅದೇ, ದೂರವೂ ಬಹುಮಟ್ಟಿಗೆ ಅದೇ. ಆದರೆ ರೈಫಲಿಗೆ ಎರಡು ಕಾಲಿನ ಊರೆ ಮತ್ತು ದುರ್ಬೀನು ಉಂಟು, ರೈಫಲಿನ ತೂಕ 8.25 ಕಿಲೋಗ್ರಾಮಿನವರೆಗೆ ಇರಬಹುದು, ಗುಂಡಿನ ತೂಕಕ್ಕೆ ಕಟ್ಟುಪಾಡಿಲ್ಲ. ಮೊದಲನೆಯ ವರ್ಗದಲ್ಲಿ ಕೊಳ್ಳುವವರೆಲ್ಲ 155 ಗ್ರೇನಿಗೆ ಬಂದು ನಿಂತರು. ಎರಡನೆಯದರಲ್ಲಿ 185, ಅನಂತರ 200 ಗ್ರೇನಿನ ಕಡೆಗೆ ಏರುತ್ತ ಹೋದರು. ಅದೇ ಗಾಳಿ, ಅದೇ ವ್ಯಾಸ, ಅದೇ ಲೆಕ್ಕಾಚಾರ ಬಲ್ಲ ಜನ; ಬೇಡಿಕೆಯಲ್ಲಿ 45 ಗ್ರೇನಿನ ಅಂತರ.

ಒದೆತದ ವಿಚಾರವನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು. 155 ಗ್ರೇನಿನ ಗುಂಡು ಸೆಕೆಂಡಿಗೆ 900 ಮೀಟರು, 200 ಗ್ರೇನಿನದು 808 ಮೀಟರು ವೇಗದಿಂದ ಹೊರಟವೆಂದರೆ ಎರಡನೆಯದರ ಸಂವೇಗ ಸುಮಾರು ಶೇಕಡಾ 16ರಷ್ಟು ಹೆಚ್ಚು. ಎಂಟು ಕಿಲೋಗ್ರಾಮಿನ ರೈಫಲ್ ಊರೆಯ ಮೇಲೆ ಇದನ್ನು ನುಂಗಿಕೊಳ್ಳುತ್ತದೆ. ತೋಳುಪಟ್ಟಿಯಲ್ಲಿ ಹಿಡಿದ ಹಗುರವಾದ ರೈಫಲ್ ಅದನ್ನು ಗುರಿಕಾರನ ಭುಜಕ್ಕೆ ದಾಟಿಸುತ್ತದೆ.

ತೂಕಮಿತಿಯ ನಿಯಮವನ್ನು ಹಳೆಯ ಕಾಲದ ಹಟವೆಂದು ಟೀಕಿಸುವವರ ಮಾತನ್ನು ನಾವು ಒಪ್ಪಲಾರೆವು. ಮಿತಿಯಿಲ್ಲದ ವಿಭಾಗದಲ್ಲಿ ಗೆಲ್ಲಬೇಕೆಂದರೆ ಗುಂಡಿನೊಡನೆ ನಳಿಗೆಯನ್ನೂ, ನಳಿಗೆಯೊಡನೆ ಕೋವಿಯ ಮರದ ಚೌಕಟ್ಟನ್ನೂ ಬದಲಾಯಿಸುತ್ತ ಹೋಗಬೇಕು. ಹೊಸಬನು ಪ್ರವೇಶದ ಬಾಗಿಲಲ್ಲಿಯೇ ತೆರಬೇಕಾದ ಹಣ ಪ್ರತಿ ಸುಧಾರಣೆಗೂ ಬೆಳೆಯುತ್ತದೆ. ಎಲ್ಲರೂ 200 ಗ್ರೇನಿಗೆ ಏರಿದ ಮೇಲೆ ಯಾರಿಗೂ ಯಾರ ಮೇಲೂ ಮೇಲ್ಗೈ ಉಳಿಯುವುದಿಲ್ಲ. ಖರ್ಚು ಮಾತ್ರ ಉಳಿಯುತ್ತದೆ. 156ರ ಗೆರೆ ತಯಾರಕರ ಬುದ್ಧಿಯನ್ನು ಕಟ್ಟಿಹಾಕಿಲ್ಲ ಎಂಬುದೂ ಗಮನಾರ್ಹ. ತೂಕವನ್ನು ಹೆಚ್ಚಿಸಲಾಗದ ಕಾರಣ ಅವರು 155 ಗ್ರೇನಿನೊಳಗೇ ಮೂತಿಯನ್ನು ಚೂಪುಗೊಳಿಸಿ, ಬಾಲವನ್ನು ತಿದ್ದಿ, ವಾಯುವಿನ ತಡೆಯನ್ನು ತಗ್ಗಿಸಿದರು.

ಹೊಸ ತೂಕಕ್ಕೆ ಹಳೆಯ ಪೇಟೆ ಎಷ್ಟು ಬೇಗ ಬದಲಾಗುತ್ತದೆ ಎಂಬುದು ನಳಿಗೆಯ ಆಯುಷ್ಯವನ್ನು ಅವಲಂಬಿಸಿದೆ. ಸ್ಪರ್ಧಾಳುವಿನ ನಳಿಗೆ ಬಿಸಿಯಿಂದಲೂ ಮದ್ದಿನ ಉರಿಯಿಂದಲೂ ಸವೆದು ಕೆಲವು ಸಾವಿರ ಹೊಡೆತಗಳಲ್ಲಿ ಸ್ಪರ್ಧೆಗೆ ನಿರುಪಯುಕ್ತವಾಗುತ್ತದೆ. ಹೆಚ್ಚು ಅಭ್ಯಾಸ ಮಾಡುವವನು ಒಂದೆರಡು ವರ್ಷಕ್ಕೊಮ್ಮೆ ಹೊಸ ನಳಿಗೆ ಹಾಕಿಸುತ್ತಾನೆ. ಆಗಲೇ ಹೊಸ ಸುತ್ತನ್ನೂ ಆರಿಸಿಕೊಳ್ಳುತ್ತಾನೆ. ಬೇಟೆಗಾರನು ವರ್ಷಕ್ಕೆ ಹತ್ತಿಪ್ಪತ್ತು ಗುಂಡು ಹಾರಿಸುತ್ತಾನೆ. ಅವನ ನಳಿಗೆ ಮಗನಿಗೂ ಮೊಮ್ಮಗನಿಗೂ ಸಲ್ಲುತ್ತದೆ, ಅದರೊಡನೆ ಅಜ್ಜನ ಕಾಲದ ಸುತ್ತೂ ಸಲ್ಲುತ್ತದೆ. ಆದ್ದರಿಂದ ಭಾರವಾದ ಗುಂಡಿನ ಪೊಟ್ಟಣದ ಮೇಲೆ ಇಷ್ಟು ಅಂಗುಲಕ್ಕೊಂದು ಅಥವಾ ಅದಕ್ಕಿಂತ ಬಿರುಸಾದ ಸುತ್ತು ಬೇಕೆಂದು ತಯಾರಕರು ಅಚ್ಚುಹಾಕಿಸುತ್ತಾರೆ. ಅದು ಎಚ್ಚರಿಕೆಯೂ ಹೌದು, ಪೇಟೆಯ ಎಲ್ಲೆಯನ್ನು ತೋರಿಸುವ ಕಲ್ಲೂ ಹೌದು.

ಹೊಸದು ಬಂದ ಮಾತ್ರಕ್ಕೆ ಹಳೆಯದು ಅಳಿಯುವುದಿಲ್ಲ ಎಂಬುದಕ್ಕೆ ಸಿಯೆರಾ ಕಂಪನಿಯ 168 ಗ್ರೇನಿನ ಗುಂಡು ಸಾಕ್ಷಿ. ಅದು 300 ಮೀಟರಿನ ಸ್ಪರ್ಧೆಗಾಗಿ ಹುಟ್ಟಿದ ಗುಂಡು. ಸಾವಿರ ಗಜದ ಸಮೀಪದಲ್ಲಿ, ವೇಗವು ಶಬ್ದದ ವೇಗಕ್ಕೆ ಇಳಿಯುವಾಗ, ಅದರ ಕಡಿದಾದ ಬಾಲ ಅದನ್ನು ತತ್ತರಿಸುವಂತೆ ಮಾಡುತ್ತದೆ. ಅಮೆರಿಕದ ಸೈನ್ಯ 1980ರ ದಶಕದಲ್ಲಿ ಇದನ್ನು ಎಂ852 ಎಂಬ ಸ್ಪರ್ಧಾ ತೋಟಾದಲ್ಲಿ ಬಳಸಿ, 1990ರ ದಶಕದಲ್ಲಿ ದೂರದ ಹೊಡೆತಕ್ಕಾಗಿ ಬಾಲದ ಇಳಿಜಾರನ್ನು ತಗ್ಗಿಸಿದ 175 ಗ್ರೇನಿನ ಗುಂಡಿಗೆ ಹೋಯಿತು. ಆ ತೋಟಾದ ಹೆಸರು ಎಂ118 ಎಲ್‌ಆರ್. ಅಂಗಡಿಗಳಲ್ಲಿ ಇಂದಿಗೂ ಎರಡೂ ಅಕ್ಕಪಕ್ಕದಲ್ಲಿ ದೊರೆಯುತ್ತವೆ. 12 ಅಂಗುಲಕ್ಕೊಂದು ಸುತ್ತಿನ ಹಳೆಯ .308 ನಳಿಗೆಯವರು, ಮುನ್ನೂರು ಮೀಟರಿನಿಂದ ಆರುನೂರು ಗಜದೊಳಗೇ ಗುರಿಯಿಡುವವರು, 168ನ್ನೇ ಕೇಳಿ ಕೊಳ್ಳುತ್ತಾರೆ.